ಸೀಮೆಹುಲ್ಲಿನ ಜೊತೆ ಮೇವಿನ ಮರ: 30 ಗುಂಟೆಗೆ ಯಾವುದು, ಎಷ್ಟು, ಎಲ್ಲಿ?

ಶಿರಾ ಹೈನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿರಾ ತಾಲ್ಲೂಕು, ಕೆಂಪು ಜಮೀನು, ಸ್ವಲ್ಪ ಗರಸು ಇದೆ. ಕಡ್ಲೆಕಾಯಿ ಹಾಕುತ್ತಿದ್ದ 30 ಗುಂಟೆಯನ್ನು ಪೂರ್ತಿ ಮೇವಿಗೆ ಬಿಡುವ ಯೋಚನೆ. ಹೆಚ್ಚುಕಡಿಮೆ 180 ಅಡಿ ಚೌಕ, ಇಳಿಜಾರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೋರ್‌ವೆಲ್ ಇದೆ, ಮಾರ್ಚ್ ನಂತರ ನೀರು ಕಮ್ಮಿಯಾಗುತ್ತೆ. 3 ಎಚ್‌ಎಫ್ ಮಿಶ್ರತಳಿ ಹಸು (ತಲಾ 10 ಲೀಟರ್ ಆಸುಪಾಸು), 10 ಮೇಕೆ. ಸಿಒ-4 ಸೀಮೆಹುಲ್ಲು ಈಗ ಮನೆ ಹಿಂದೆ 5 ಗುಂಟೆ ಮಾತ್ರ ಇದೆ.

ಕೇಳಬೇಕಾಗಿರೋದು:

1. 30 ಗುಂಟೆಗೂ ಸೀಮೆಹುಲ್ಲೇ ಹಾಕೋದಾ, ಮಧ್ಯೆ ಮರ ಹಾಕೋದಾ? ಹಾಕಿದರೆ ನೆರಳಿಗೆ ಹುಲ್ಲು ಸೊರಗಲ್ವಾ?
2. ಸುಬಾಬುಲ್, ಅಗಸೆ, ನುಗ್ಗೆ, ಗ್ಲಿರಿಸಿಡಿಯಾ, ಹಿಪ್ಪುನೇರಳೆ ಇಷ್ಟು ಹೆಸರು ಹೇಳ್ತಾರೆ. ಯಾವುದು ಎಲ್ಲಿ?
3. ಸುಬಾಬುಲ್ ತಿಂದರೆ ಕೂದಲು ಉದುರುತ್ತೆ ಅನ್ನೋದು ನಿಜವಾ?
4. ಹಾಲಿನ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ) 8.2 ದಾಟುತ್ತಿಲ್ಲ. ಮರದ ಸೊಪ್ಪು ಕೊಟ್ಟರೆ ಸರಿಹೋಗುತ್ತಾ? ಫೀಡ್ ಎಷ್ಟು ಇಳಿಸಬಹುದು?

---

ಸಾಲುಗಿಡ

30 ಗುಂಟೆಗೂ ಸೀಮೆಹುಲ್ಲು ಬೇಡ. ಮೊದಲು ನಿಮಗೆ ಎಷ್ಟು ಹುಲ್ಲು ಬೇಕು ನೋಡಿ. ಹಸುವಿಗೆ 25 ಕೆಜಿಯಂತೆ 75, ಮೇಕೆಗೆ ಒಂದೂವರೆಯಂತೆ 15, ದಿನಕ್ಕೆ 90 ಕೆಜಿ. ಇದಕ್ಕೆ 15 ಗುಂಟೆ ಸಾಕು. ಅದಕ್ಕಿಂತ ಹೆಚ್ಚು ಹಾಕಿದರೆ ಮಳೆಗಾಲದಲ್ಲಿ ಕೊಯ್ದು ಮುಗಿಸಲಾಗದೆ ಹುಲ್ಲು ಬಲಿತು ಕಬ್ಬಿನ ಜಲ್ಲೆಯಾಗುತ್ತದೆ, ಬೇಸಿಗೆಯಲ್ಲಿ ನೀರು ಸಾಲದೆ ಒಣಗುತ್ತದೆ.

ನೀರಿನ ಲೆಕ್ಕ ಸುಲಭ. ಬಿರುಬೇಸಿಗೆಯಲ್ಲಿ ಸೀಮೆಹುಲ್ಲಿಗೆ ದಿನಕ್ಕೆ ಗುಂಟೆಗೆ 500–600 ಲೀಟರ್ ಬೇಕು. 15 ಗುಂಟೆಗೆ 9,000 ಲೀಟರ್. ಬೋರ್‌ವೆಲ್ ಬಾಯಿಗೆ 200 ಲೀಟರ್ ಡ್ರಮ್ ಇಟ್ಟು ಗಡಿಯಾರ ನೋಡಿ. ಎರಡೂವರೆ ನಿಮಿಷಕ್ಕೆ ತುಂಬಿದರೆ ಗಂಟೆಗೆ 4,800 ಲೀಟರ್, ಎರಡು ಗಂಟೆ ಓಡಿಸಿದರೆ ಆಯಿತು. ಈ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಮಾಡಿ, ಅಕ್ಟೋಬರ್‌ನಲ್ಲಿ ಅಲ್ಲ. ಮರ ಬೇಕಾಗಿರೋದು ಹುಲ್ಲಿನ ಬದಲಿಗೆ ಅಲ್ಲ. ಬೇಸಿಗೆಯಲ್ಲಿ ಅರ್ಧ ಹುಲ್ಲಿಗೆ ನೀರು ನಿಲ್ಲಿಸಬೇಕಾಗಿ ಬಂದರೂ ಹಸಿರು ನಿಲ್ಲದಿರಲಿ ಅಂತ, ಮತ್ತು ಹುಲ್ಲಿನಲ್ಲಿ ಇಲ್ಲದ ಪ್ರೋಟೀನಿಗೆ.

ಈಗ ನಕ್ಷೆ. 180 × 90 ಅಡಿ ಜಾಗ (15 ಗುಂಟೆ) ಹುಲ್ಲು ಮತ್ತು ಸುಬಾಬುಲ್‌ಗೆ. ಸಾಲು ಪೂರ್ವ-ಪಶ್ಚಿಮ ಬರಲಿ. ನಮ್ಮ ಕಡೆ ಸೂರ್ಯ ನೆತ್ತಿಯ ಹತ್ತಿರವೇ ಹೋಗುವುದರಿಂದ ನೆರಳು ಬಹುಪಾಲು ಗಿಡದ ಸಾಲಿನ ಮೇಲೇ ಬೀಳುತ್ತದೆ. (ಇಳಿಜಾರು ಇರುವವರು ದಿಕ್ಕು ಮರೆತು ಅಡ್ಡಸಾಲೇ ಹಾಕಬೇಕು.) 15 ಅಡಿಗೊಂದು ಸುಬಾಬುಲ್ ಸಾಲು, ಒಟ್ಟು 6 ಸಾಲು, ಸಾಲಿನಲ್ಲಿ ಒಂದೂವರೆ ಅಡಿಗೊಂದು ಗಿಡ. 720 ಗಿಡ ಹಿಡಿಯುತ್ತದೆ. ಎರಡು ಸುಬಾಬುಲ್ ಸಾಲಿನ ನಡುವೆ ಹುಲ್ಲಿನ 3 ಸಾಲು. ಸಾಲಿಂದ ಸಾಲಿಗೆ 3 ಅಡಿ, ಬುಡದಿಂದ ಬುಡಕ್ಕೆ 2 ಅಡಿ, ಮರದ ಸಾಲಿಂದ ಮೊದಲ ಹುಲ್ಲಿನ ಸಾಲಿಗೆ ನಾಲ್ಕೂವರೆ ಅಡಿ ಬಿಡಿ. ಒಟ್ಟು 1,620 ಬುಡ. 45 ದಿನಕ್ಕೊಮ್ಮೆ ಬುಡಕ್ಕೆ 3 ಕೆಜಿ ಎಂದು ಕಡಿಮೆಯಲ್ಲೇ ಹಿಡಿದರೂ ದಿನಕ್ಕೆ 108 ಕೆಜಿ.

ನಾಲ್ಕೂವರೆ ಅಡಿ ಯಾಕೆ ಅಂದರೆ, ನೆರಳಿಗೆ ಹುಲ್ಲು ಸೊರಗುತ್ತೆ ಅಂತ ಹೆದರುತ್ತಿದ್ದೀರಲ್ಲ, ಮೊದಲ ವರ್ಷ ಆಗೋದು ತಿರುಗಾಮುರುಗ. ಹುಲ್ಲೇ ಗಿಡವನ್ನು ಮುಗಿಸುತ್ತದೆ. ಸೀಮೆಹುಲ್ಲು ಎರಡು ತಿಂಗಳಿಗೆ ಆಳೆತ್ತರ ಬರುತ್ತೆ. ಸುಬಾಬುಲ್ ಸಸಿ ಅಷ್ಟರಲ್ಲಿ ಮೊಣಕಾಲೆತ್ತರ ಬಂದಿದ್ದರೆ ಪುಣ್ಯ. ಒಂದೇ ದಿನ ಎರಡನ್ನೂ ನೆಟ್ಟವರ ಹೊಲದಲ್ಲಿ ವರ್ಷದ ನಂತರ ಬರೀ ಹುಲ್ಲಿರುತ್ತೆ. ಜೂನ್‌ನಲ್ಲಿ ಮರದ ಸಸಿ ನೆಡಿ, ಪಕ್ಕದ ಖಾಲಿ ಪಟ್ಟೆಯಲ್ಲಿ ಅಲಸಂದೆ ಬಿತ್ತಿ ಮೇವಿಗೆ ಕೊಯ್ಯಿರಿ, ಸೆಪ್ಟೆಂಬರ್ ಕೊನೆಗೆ ಹುಲ್ಲು ನೆಡಿ. ನಿಮ್ಮ 5 ಗುಂಟೆಯಲ್ಲಿ ಒಂದಿಷ್ಟು ಬುಡ ಕೊಯ್ಯದೆ ಮೂರು ತಿಂಗಳು ಬಲಿಯಲು ಬಿಟ್ಟರೆ ನಾಟಿ ತುಂಡಿಗೆ ದುಡ್ಡು ಕೊಡಬೇಕಿಲ್ಲ. ಎರಡು ಗೆಣ್ಣಿನ ತುಂಡು, ಒಂದು ಗೆಣ್ಣು ಮಣ್ಣೊಳಗೆ, ಒಂದು ಮೇಲೆ.

ಸುಬಾಬುಲ್ ಬೀಜ: ಕೆಜಿಗೆ ಸುಮಾರು 20,000 ಕಾಳು ಬರುತ್ತವೆ. ನಿಮಗೆ ಬೇಕಾದ್ದು 100 ಗ್ರಾಂ. ಯಾರಾದರೂ ಎರಡು ಕೆಜಿ ಕಟ್ಟಿಕೊಡಲು ನೋಡಿದರೆ ಬೇಡ ಎನ್ನಿ. ಸಿಪ್ಪೆ ಗಟ್ಟಿ, ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಒಂದೊಂದೇ ಹುಟ್ಟುತ್ತೆ. ನೀರು ಕುದಿಸಿ ಒಲೆಯಿಂದ ಇಳಿಸಿ, 4–5 ನಿಮಿಷ ಆರಿದ ಮೇಲೆ (80 ಡಿಗ್ರಿ ಸೆಲ್ಸಿಯಸ್ ಹತ್ತಿರ) ಬೀಜ ಹಾಕಿ 3–4 ನಿಮಿಷ ಬಿಟ್ಟು ಬಸಿಯಿರಿ. ಕುದಿಯುತ್ತಿರುವ ನೀರಿಗೆ ಹಾಕಿ ಮರೆತರೆ ಬೀಜ ಬೆಂದಂತೆಯೇ. ಆಮೇಲೆ ರಾತ್ರಿಯಿಡೀ ತಣ್ಣೀರಲ್ಲಿ ನೆನೆಸಿ. ಬೆಳಿಗ್ಗೆ ಉಬ್ಬಿ ದಪ್ಪ ಆಗಿರುವ ಕಾಳು ಮಾತ್ರ ಬಿತ್ತಿ. ಮೊದಲಿನಷ್ಟೇ ಚಪ್ಪಟೆಯಾಗಿ ಹೊಳೆಯುತ್ತಿರುವುದಕ್ಕೆ ಇನ್ನೊಂದು ಸಲ ಬಿಸಿನೀರು. 4×6 ಇಂಚಿನ ಪಾಲಿಥೀನ್ ಚೀಲ, ಕೆಮ್ಮಣ್ಣು 2, ಮರಳು 1, ಕೊಟ್ಟಿಗೆ ಗೊಬ್ಬರ 1. ಮಾರ್ಚ್ ಕೊನೆಗೆ ಹಾಕಿದರೆ ಜೂನ್ ಮಳೆಗೆ ಅಡಿ ಎತ್ತರದ ಸಸಿ ಸಿಗುತ್ತೆ. ಚೀಲದಿಂದ ಬೇರು ಹೊರಗೆ ಬಂದು ನೆಲಕ್ಕೆ ಇಳಿಯದಂತೆ 15 ದಿನಕ್ಕೊಮ್ಮೆ ಚೀಲ ಎತ್ತಿ ಜಾಗ ಬದಲಿಸಿ.

ಮೊದಲ ಕೊಯ್ಲಿಗೆ ಅವಸರ ಬೇಡ. ಗಿಡ ಆಳೆತ್ತರ, ಬುಡ ಹೆಬ್ಬೆರಳಿನಷ್ಟು ದಪ್ಪ ಆಗಬೇಕು, 7–8 ತಿಂಗಳು ಹಿಡಿಯುತ್ತೆ. ನೆಲದಿಂದ 3 ಅಡಿ ಬಿಟ್ಟು, ಚೂಪಾದ ಕುಡುಗೋಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಒಂದೇ ಏಟು. ಮೊಂಡ ಮಚ್ಚಿನಲ್ಲಿ ಮೇಲಿನಿಂದ ಜಜ್ಜಿದರೆ ತೊಗಟೆ ಗೇಣುದ್ದ ಸೀಳಿಕೊಂಡು, ಅಲ್ಲಿಂದ ಕೆಳಕ್ಕೆ ಕೊಳೆ ಇಳಿಯುತ್ತದೆ. ಪ್ರತಿ ಸಲ ಗಿಡಕ್ಕೆ ಒಂದು ಸಣ್ಣ ಎಲೆಕೊಂಬೆ ಉಳಿಸಿ. ಪೂರ್ತಿ ಬೋಳಿಸಿದ ಗಿಡ ಬೇರಿನಲ್ಲಿ ಕೂಡಿಟ್ಟಿದ್ದನ್ನೇ ತಿಂದು ಚಿಗುರಬೇಕು, ಬೇಸಿಗೆಯಲ್ಲಿ ಹಾಗೆ ಎರಡು ಸಲ ಮಾಡಿದರೆ ಕೈಕೊಡುತ್ತೆ. ಆಮೇಲೆ 50 ದಿನಕ್ಕೊಮ್ಮೆ, ಚಳಿಗಾಲದಲ್ಲಿ 70. ಹೂವು ಕಾಯಿಗೆ ಬಿಡಲೇಬೇಡಿ. ಒಂದು ಗಿಡ ಕಾಯಿ ಕಟ್ಟಿದರೂ ಅದರ ಬೀಜ ಸುತ್ತ ನಾಲ್ಕು ಜನರ ಹೊಲದಲ್ಲಿ ಕಳೆಯಾಗಿ ಹುಟ್ಟುತ್ತೆ, ಬೈಗುಳ ನಿಮಗೆ.

ಉಳಿದ ಮರ: ಬೇಲಿಗೆ ಗ್ಲಿರಿಸಿಡಿಯಾ, ಸುತ್ತಳತೆ 720 ಅಡಿಗೆ 3 ಅಡಿಗೊಂದರಂತೆ 240 ಗೂಟ. ನೀರಿನ ಕಾಲುವೆ ಪಕ್ಕ 3 ಅಡಿಗೊಂದು ಅಗಸೆ, 60 ಗಿಡ. ಬೇರೆಯಾಗಿ 3 ಗುಂಟೆ ಹಿಪ್ಪುನೇರಳೆ, ಹುಲ್ಲಿನ ಜೊತೆ ಅಲ್ಲ. ಎಲ್ಲ ಕುದುರಿದ ಮೇಲೆ ದಿನಕ್ಕೆ ಸಿಗುವ ಸೊಪ್ಪು: ಸುಬಾಬುಲ್ 11 ಕೆಜಿ (ಗಿಡಕ್ಕೆ ಮುಕ್ಕಾಲು ಕೆಜಿ, 50 ದಿನಕ್ಕೆ), ಗ್ಲಿರಿಸಿಡಿಯಾ 6–7, ಹಿಪ್ಪುನೇರಳೆ 4–5, ಅಗಸೆ ಒಂದೂವರೆ. ಹತ್ತಿರ ಹತ್ತಿರ 25 ಕೆಜಿ. ಹಸುವಿಗೆ 5, ಮೇಕೆಗೆ 1 ಅಂದರೆ ನಿಮಗೆ ಬೇಕಾದ್ದೂ 25. ಮೊದಲ ವರ್ಷ ಇದರ ಅರ್ಧವೂ ಬರಲ್ಲ. ಮಿಕ್ಕ 12 ಗುಂಟೆಯಲ್ಲಿ ಮಳೆಗಾಲಕ್ಕೆ ಮೇವಿನ ಜೋಳ, ಅಲಸಂದೆ. ಜೋಳವನ್ನು ಹೂ ಬರುವ ಮುಂಚೆ ಹಸಿಯಾಗಿ ಹಾಕಬೇಡಿ, ಎಳೆ ಜೋಳ ವಿಷ.

ಇನ್ನೊಂದು ತಪ್ಪು ತಿಳಿವಳಿಕೆ. "ಸುಬಾಬುಲ್ ಸಾರಜನಕ ಕೊಡುತ್ತೆ, ಹುಲ್ಲಿಗೆ ಗೊಬ್ಬರ ಬೇಡ" ಅಂತ ಹೇಳುವವರಿದ್ದಾರೆ. ಸೊಪ್ಪನ್ನೆಲ್ಲ ಕೊಯ್ದು ಕೊಟ್ಟಿಗೆಗೆ ಸಾಗಿಸಿದ ಮೇಲೆ ಸಾರಜನಕವೂ ಜೊತೆಗೇ ಹೋಯಿತು. ಸಗಣಿ, ಗಂಜಲ ವಾಪಸ್ ಹೊಲಕ್ಕೆ ಬಂದರೆ ಮಾತ್ರ ಆ ಮಾತು ನಿಜ. ಪ್ರತಿ ಕೊಯ್ಲಿನ ನಂತರ ಹುಲ್ಲಿಗೆ ಗುಂಟೆಗೆ ಅರ್ಧ ಕೆಜಿ ಯೂರಿಯಾ, ಇಲ್ಲವೇ ಬಗ್ಗಡ ಹರಿಸಿ.

---

ದನದ ಡಾಕ್ಟ್ರು

3 ಮತ್ತು 4ನೇ ಪ್ರಶ್ನೆಗೆ.

ಕೂದಲು ಉದುರುವುದು ನಿಜ, ಆದರೆ ಸುಬಾಬುಲ್ ಒಂದನ್ನೇ ಹೊಟ್ಟೆ ತುಂಬ ಹಾಕಿದರೆ. ಎಲೆಯಲ್ಲಿ ಮಿಮೋಸಿನ್ ಎಂಬ ಅಂಶವಿದೆ, ಎಳೆ ಚಿಗುರಲ್ಲಿ ಜಾಸ್ತಿ. ಬಾಲದ ತುದಿ ಕೂದಲು ಮೊದಲು ಹೋಗುತ್ತದೆ, ಆಮೇಲೆ ಜೊಲ್ಲು, ಮೇವು ಬಿಡುವುದು, ತೂಕ ಇಳಿಯುವುದು. ಮಿಮೋಸಿನ್ ಮೆಲುಕುಚೀಲದಲ್ಲಿ ಒಡೆದು ಡಿಎಚ್‌ಪಿ ಎಂಬ ಇನ್ನೊಂದು ವಸ್ತುವಾಗುತ್ತದೆ. ಅದು ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುತ್ತದೆ, ಗಂಟಲಲ್ಲಿ ಗಡ್ಡೆ ಬರಬಹುದು. ಗಬ್ಬದ ಮೇಕೆಗೆ ಅತಿಯಾಗಿ ಹಾಕಿದರೆ ಮರಿಯೇ ಗಡ್ಡೆ ಹೊತ್ತು ಹುಟ್ಟುತ್ತದೆ.

"ನಮ್ಮಲ್ಲಿ ವರ್ಷಗಟ್ಟಲೆ ಹಾಕ್ತೀವಿ, ಏನೂ ಆಗಿಲ್ಲ" ಅನ್ನುವವರ ಮಾತೂ ಸುಳ್ಳಲ್ಲ. ಡಿಎಚ್‌ಪಿಯನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಕೆಲವು ಕಡೆಯ ದನ, ಮೇಕೆಗಳ ಮೆಲುಕುಚೀಲದಲ್ಲಿ ಇರುತ್ತದೆ. ಹವಾಯಿಯ ಮೇಕೆಗಳಿಂದ ತೆಗೆದು ಆಸ್ಟ್ರೇಲಿಯಾದ ದನಗಳಿಗೆ 1980ರ ದಶಕದಲ್ಲಿ ಅದನ್ನು ಕೊಟ್ಟಾಗ ಅಲ್ಲಿಯ ತೊಂದರೆ ನಿಂತಿತು. ಸಿನರ್ಜಿಸ್ಟಿಸ್ ಜೋನ್ಸಿ ಅಂತ ಅದರ ಹೆಸರು. ನಿಮ್ಮ ಕೊಟ್ಟಿಗೆಯಲ್ಲಿ ಅದು ಇದೆಯೋ ಇಲ್ಲವೋ ಕಣ್ಣಿಗೆ ಕಾಣಲ್ಲ, ಹಾಗಾಗಿ ಮಿತಿ ಇಟ್ಟುಕೊಳ್ಳಿ: ಒಟ್ಟು ಒಣ ತೂಕದಲ್ಲಿ 30 ಪರ್ಸೆಂಟ್ ಮೀರಬಾರದು. 25 ಕೆಜಿ ತೂಗುವ ಮೇಕೆಗೆ ಹಸಿ ಸುಬಾಬುಲ್ 1 ಕೆಜಿ ಅಂದರೆ ಆ ಗೆರೆಯ ಮೇಲೇ ನಿಂತಂತೆ. 400 ಕೆಜಿ ಹಸುವಿಗೆ 5 ಕೆಜಿ ಏನೇನೂ ಅಲ್ಲ. ಮೊದಲ ವಾರ ಇದರ ಕಾಲುಭಾಗದಿಂದ ಶುರು ಮಾಡಿ, ಮೂರು ವಾರಕ್ಕೆ ಪೂರ್ತಿಗೆ ಬನ್ನಿ. ಗಬ್ಬದ ಕೊನೆ ಎರಡು ತಿಂಗಳು ಸುಬಾಬುಲ್ ಬಿಟ್ಟು ಬೇರೆ ಸೊಪ್ಪು ಕೊಡಿ. ಮೊಲ, ಹಂದಿ, ಕುದುರೆಗೆ ಈ ಲೆಕ್ಕ ಅನ್ವಯಿಸಲ್ಲ, ಅವು ಮೆಲುಕು ಹಾಕಲ್ಲ, ತಡೆಯಲ್ಲ. ಅಗಸೆ ಸೊಪ್ಪನ್ನು ಕೋಳಿಗೆ ಹಾಕಬೇಡಿ.

ಫೀಡ್ ಲೆಕ್ಕ. 5 ಕೆಜಿ ಹಸಿ ಸುಬಾಬುಲ್ ಎಲೆಯಲ್ಲಿ ಒಣ ತೂಕ 1.4 ಕೆಜಿ, ಅದರಲ್ಲಿ ಪ್ರೋಟೀನು 22 ಪರ್ಸೆಂಟ್ ಹಿಡಿದರೆ 300 ಗ್ರಾಂ. 20 ಪರ್ಸೆಂಟ್ ಪ್ರೋಟೀನಿನ ಫೀಡ್ ಒಂದೂವರೆ ಕೆಜಿಯಲ್ಲಿ ಸಿಗುವಷ್ಟು. ಹಾಗಂತ ಒಂದೂವರೆ ಕೆಜಿ ಇಳಿಸಬೇಡಿ, 1 ಕೆಜಿಗೆ ನಿಲ್ಲಿಸಿ. ಪ್ರೋಟೀನು ಸರಿತೂಗಿದರೂ ಶಕ್ತಿ ಸರಿತೂಗಲ್ಲ. ನಿಮ್ಮ ಎಸ್‌ಎನ್‌ಎಫ್ ಸಮಸ್ಯೆ ಇರುವುದೂ ಅಲ್ಲೇ. 8.2ರಲ್ಲಿ ನಿಂತಿರುವ ಹಸುವಿಗೆ ಬಹಳ ಸಲ ಕಮ್ಮಿಯಾಗಿರುವುದು ಪ್ರೋಟೀನಲ್ಲ, ಹಿಟ್ಟಿನ ಅಂಶ. ನೀರು ತುಂಬಿದ ಎಳೆ ಸೀಮೆಹುಲ್ಲು 35–40 ಕೆಜಿ ಹಾಕಿ ಹೊಟ್ಟೆ ತುಂಬಿಸಿದರೆ ಹಾಲು ಬರುತ್ತೆ, ಗಟ್ಟಿ ಬರಲ್ಲ. ಹಸಿರು 25ಕ್ಕೆ ಇಳಿಸಿ, ರಾಗಿ ಹುಲ್ಲು 4–5 ಕೆಜಿ ಕೊಡಿ, ಫೀಡಿನಲ್ಲಿ 1 ಕೆಜಿ ತೆಗೆದ ಜಾಗಕ್ಕೆ ಅರ್ಧ ಕೆಜಿ ಮೆಕ್ಕೆಜೋಳದ ನುಚ್ಚು ಸೇರಿಸಿ. ಒಂದು ತಿಂಗಳು ನೋಡಿ. ಕೆಚ್ಚಲು ಬಾವು ಒಳಗೊಳಗೇ ಇದ್ದರೂ ಎಸ್‌ಎನ್‌ಎಫ್ ಬೀಳುತ್ತದೆ, ನಾಲ್ಕೂ ಮೊಲೆಯ ಹಾಲನ್ನು ಬೇರೆ ಬೇರೆ ಪರೀಕ್ಷೆ ಮಾಡಿಸಿ.

ಸೀಮೆಹುಲ್ಲಿನ ಆಕ್ಸಲೇಟ್ ವಿಷಯ ಯಾರೂ ಹೇಳುವುದಿಲ್ಲ. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸಗಣಿಯಲ್ಲಿ ಹೋಗುತ್ತದೆ. 25–30 ದಿನದ ಎಳೆ ಹುಲ್ಲಿನಲ್ಲಿ ಜಾಸ್ತಿ. 45 ದಿನಕ್ಕೇ ಕೊಯ್ಯಿರಿ, ಖನಿಜ ಮಿಶ್ರಣ ಹಸುವಿಗೆ ದಿನಕ್ಕೆ 50 ಗ್ರಾಂ ತಪ್ಪಿಸಬೇಡಿ.

---

ಎರಿಹೊಲ

ಸಾಲುಗಿಡ ಅವರು ಹೇಳಿದ್ದು ಕೆಂಪು ನೆಲಕ್ಕ ಬರೋಬ್ಬರಿ ಐತಿ. ಎರಿ ಹೊಲದವರು ಈ ದಾರ ಓದಾಕತ್ತಿದ್ರ ಎರಡು ಮಾತು.

ಮೊದಲನೇದು ಹೆಸರಿನ ಗೊಂದಲ. ನಮ್ಮ ಕಡೆ ಅಗಸಿ ಅಂದ್ರ ಎಣ್ಣಿಕಾಳು, ಚಟ್ನಿಪುಡಿ ಮಾಡೂದು. ಅಂಗಡ್ಯಾಗ ಅಗಸಿ ಬೀಜ ಕೊಡ್ರಿ ಅಂದ್ರ ಅದನ್ನ ಕೊಡ್ತಾರ. ಇಲ್ಲಿ ಹೇಳಾಕತ್ತಿದ್ದು ಚೊಗಚಿ, ದೊಡ್ಡ ಬಿಳಿ ಇಲ್ಲಾ ಕೆಂಪು ಹೂವಿನ ಮರ, ಎಲಿಬಳ್ಳಿ ಹಬ್ಬಸಾಕ ಹಚ್ತಾರಲ್ಲ, ಅದು. ಚೊಗಚಿ ಬೀಜಕ್ಕ ಬಿಸಿನೀರಿನ ಕಾಟ ಇಲ್ಲ, ಒಂದು ರಾತ್ರಿ ನೆನಸಿ ನೇರ ಊರ್ರಿ. ಆದ್ರ ಅದನ್ನ ಸುಬಾಬುಲ್ ಕೊಯ್ದಂಗ ಕೊಯ್ಯಬ್ಯಾಡ್ರಿ. 4 ಅಡಿಕಿಂತ ಕೆಳಗ ಕಡದ್ರ ಮತ್ತ ಚಿಗಿಯೂದಿಲ್ಲ, ನಿಂತಲ್ಲೇ ಒಣಗ್ತದ. ನಡುಗಿಡದ ತುದಿ ಒಮ್ಮೆ ಚೂಟಿ, ಆಮೇಲೆ ಅಡ್ಡ ಟೊಂಗಿ ಅಷ್ಟ ತಗೀಬೇಕು. ಕಾಂಡಕ್ಕ ಕೊರಿಯೂ ಹುಳ ಬೀಳ್ತದ, ಬುಡದಾಗ ಕಟಗಿಪುಡಿ ಕಂಡ್ರ ತಿಳ್ಕೋರಿ. ಹೆಂಗ ನೋಡಿದ್ರೂ ಮೂರು ವರ್ಷದ ಗಿರಾಕಿ. ವರ್ಷಾ ಒಂದಿಷ್ಟು ಹೊಸಾ ಬೀಜ ಊರಕೋತ ಹೋಗ್ರಿ.

ಎರಡನೇದು ಗ್ಲಿರಿಸಿಡಿಯಾ, ಗೊಬ್ಬರದ ಗಿಡ. ಗೂಟ 4–5 ಅಡಿ ಉದ್ದ, ಹೆಬ್ಬಟ್ಟಿಗಿಂತ ದಪ್ಪ ಇರಲಿ, ಬುಡ ಓರಿ ಕತ್ತರಿಸಿ ಒಂದಡಿ ಹುಗೀರಿ. ಗುದ್ದಲಿಲೆ ಕುಣಿ ತಗದು ಹುಗಿಬೇಕ ಹೊರತು ಬಡಿದು ಇಳಸಬಾರದು, ತೊಗಟಿ ಸುಲೀತದ. ಕಟಗಿ ಹುಗಿದ ಗಿಡಕ್ಕ ಆಳದ ಬೇರ ಇರೂದಿಲ್ಲ. ಬ್ಯಾಸಗಿ ತಡೀಬೇಕಂದ್ರ ಬೀಜದ ಸಸಿನ ಚಲೋ.

ಎಲ್ಲಾರೂ ತಪ್ಪೂದು ಇಲ್ಲಿ ನೋಡ್ರಿ. ಜನವರಿಗೆ ಗೊಬ್ಬರದ ಗಿಡ ಎಲಿ ಉದರ್ಸಿ ಬರೇ ಗುಲಾಬಿ ಹೂವು ಹೊತ್ಕೊಂಡು ನಿಂದರ್ತದ. ದನಕ್ಕ ಮೇವು ಬೇಕಾದ ಹೊತ್ತಿಗೆ ಎಲಿ ಇಲ್ಲ. ದೀಪಾವಳಿ ಮುಗಿದ ಕೂಡ್ಲೇ ಪೂರಾ ಗಿಡ ಕೊಯ್ದ್ರ ಹೊಸಾ ಚಿಗುರು ಹೂವಿಗೆ ಬರೂದಿಲ್ಲ, ಹಸರ ಎಲಿ ಮಾರ್ಚ್‌ತನಾ ನಿಂದರ್ತದ. ಬೇಲಿ ಎರಡು ಭಾಗ ಮಾಡಿ ಒಂದರ್ಧ ದೀಪಾವಳಿಗೆ, ಇನ್ನೊಂದರ್ಧ 20 ದಿನ ಬಿಟ್ಟು ಕೊಯ್ರಿ.

ಎರಿ ಹೊಲದಾಗ ನುಗ್ಗಿ ಬ್ಯಾಡ. ಮಳಿಗಾಲದಾಗ ಎರಡು ದಿನ ನೀರು ನಿಂತ್ರ ಬೇರು ಕೊಳೀತದ.

---

ಶಿರಾ ಹೈನು

ಎಲ್ಲರಿಗೂ ತುಂಬಾ ಧನ್ಯವಾದ. ಗ್ಲಿರಿಸಿಡಿಯಾ ಬದುವಿನಲ್ಲಿ ಈಗಾಗಲೇ ಹತ್ತಿಪ್ಪತ್ತು ಗಿಡ ಇದೆ, ಹಸು ಮೂಸಿ ಹಿಂದೆ ಸರಿಯುತ್ತೆ. ಇದಕ್ಕೇನು? ಕೆಂಪು ಜಮೀನಿಗೆ ನುಗ್ಗೆ ಹಾಕಬಹುದಾ? ಹಿಪ್ಪುನೇರಳೆಯನ್ನು ಹುಲ್ಲಿನ ಜೊತೆ ಯಾಕೆ ಬೇಡ?

---

ದನದ ಡಾಕ್ಟ್ರು

ವಾಸನೆಗೆ ಕಾರಣ ಕೂಮರಿನ್. ಸಂಜೆ ಕೊಯ್ದು ನೆರಳಲ್ಲಿ ತೆಳ್ಳಗೆ ಹರಡಿ ಮರುದಿನ ಬೆಳಿಗ್ಗೆ ಹಾಕಿ, ಬಾಡಿದ ಮೇಲೆ ವಾಸನೆ ಇಳಿಯುತ್ತದೆ. ಮೊದಲ ವಾರ ಚಾಫ್ ಕಟರ್‌ನಲ್ಲಿ ಸೀಮೆಹುಲ್ಲಿನ ಜೊತೆ ಹತ್ತಕ್ಕೆ ಒಂದರಂತೆ ಸೇರಿಸಿ ಕತ್ತರಿಸಿ, ಮೇಲೆ ಉಪ್ಪುನೀರು ಚಿಮುಕಿಸಿ. ಹತ್ತು ದಿನದಲ್ಲಿ ರೂಢಿಯಾಗುತ್ತದೆ. ಆದರೆ ರಾಶಿ ಹಾಕಿ ಬೂಷ್ಟು ಹಿಡಿದ ಸೊಪ್ಪು ಯಾವ ಕಾರಣಕ್ಕೂ ಬೇಡ. ಬೂಷ್ಟಿನಿಂದ ಅದೇ ಕೂಮರಿನ್ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗುತ್ತದೆ. ಕುದುರೆಗೆ ಗ್ಲಿರಿಸಿಡಿಯಾ ಹೇಗೂ ಆಗದು.

ಮೇಕೆಗೆ ಯಾವ ಸೊಪ್ಪನ್ನೂ ನೆಲಕ್ಕೆ ಹಾಕಬೇಡಿ. ಕಟ್ಟು ಮಾಡಿ ಅದರ ತಲೆಯೆತ್ತರಕ್ಕೆ ತೂಗುಹಾಕಿ. ನೆಲದ ಮೇಲಿನದನ್ನು ತುಳಿದು ಅರ್ಧ ಬಿಡುತ್ತದೆ. ತೋಟದೊಳಗೆ ಬಿಟ್ಟರೆ ಎಲೆಗಿಂತ ಮೊದಲು ತೊಗಟೆ ಸುಲಿಯುತ್ತದೆ.

---

ಕೋಲಾರದ ಕಡ್ಡಿ

ಹಿಪ್ಪುನೇರಳೆ ದ್ವಿದಳ ಅಲ್ಲ, ನುಗ್ಗೆಯೂ ಅಲ್ಲ. ಎರಡೂ ಗೊಬ್ಬರ ತಿನ್ನುವ ಗಿಡಗಳು. ಸೀಮೆಹುಲ್ಲು ಅವುಗಳಿಗಿಂತ ದೊಡ್ಡ ಹೊಟ್ಟೆಬಾಕ. ಒಟ್ಟಿಗೆ ಹಾಕಿದರೆ ಕಡ್ಡಿ ಹಳದಿ ತಿರುಗಿ ಕೂರುತ್ತೆ. ವಿ-1 ತಳಿ, 3×3 ಅಡಿ, 3 ಗುಂಟೆಗೆ 360 ಗಿಡ. ವರ್ಷಕ್ಕೆ 5 ಕೊಯ್ಲು, ಪ್ರತಿ ಕೊಯ್ಲಿಗೂ ಗೊಬ್ಬರ. ಸೊಪ್ಪು ಹಸು, ಮೇಕೆ ಎರಡೂ ಮೊದಲ ದಿನದಿಂದಲೇ ತಿನ್ನುತ್ತವೆ, ರೂಢಿ ಮಾಡಿಸುವ ಗೋಜಿಲ್ಲ.

ರೇಷ್ಮೆ ಮನೆಯಿಂದ ಉಳಿದ ಕಡ್ಡಿ ತಂದು ಹಾಕುವವರು ಗಮನಿಸಿ: ಹುಳದ ಹಾಸಿಗೆಗೆ ಉದುರಿಸಿದ ಸೋಂಕುನಿವಾರಕ ಪುಡಿ ಅಂಟಿರುತ್ತೆ. ತೊಳೆಯದೆ ಹಾಕಬೇಡಿ. ಹುಳಕ್ಕೆ ರೋಗ ಬಂದ ಬೆಳೆಯದ್ದಾದರೆ ಗೊಬ್ಬರದ ಗುಂಡಿಗೇ ಹೋಗಲಿ. ತುಕ್ರಾಗೆ (ಹಿಟ್ಟುತಿಗಣೆಯಿಂದ ಎಲೆ ಮುರುಟುವುದು) ಔಷಧಿ ಹೊಡೆದ ತೋಟದ್ದಾದರೆ ಡಬ್ಬಿ ಮೇಲೆ ಬರೆದಿರುವ ದಿನ ಮುಗಿಯಲಿ.

ನುಗ್ಗೆ ಬಗ್ಗೆ ಈಗ ಇರುವ ಹುಚ್ಚು ಸ್ವಲ್ಪ ಜಾಸ್ತಿಯೇ. ಪಿಕೆಎಂ-1 ಬೀಜ ಅಡಿಗೊಂದರಂತೆ ಒತ್ತಾಗಿ ಹಾಕಿದರೆ ಮೊದಲ ವರ್ಷ ಸೊಪ್ಪಿನ ರಾಶಿ ಬರುತ್ತೆ. ಆದರೆ ಪ್ರತಿ ಕೊಯ್ಲಿಗೂ ಒಂದಷ್ಟು ಬುಡ ಸಾಯುತ್ತವೆ, ಎರಡನೇ ವರ್ಷ ಅಲ್ಲಲ್ಲಿ ಬೋಳು. ಸೊಪ್ಪನ್ನು ಹಾಲು ಕರೆದ ಮೇಲೆ ಹಾಕಿ, ಮುಂಚೆ ಹಾಕಿದರೆ ಹಾಲಿಗೆ ವಾಸನೆ. ನಿಮ್ಮ ನೆಲಕ್ಕೆ ಬರುತ್ತೆ, ಬೇಕಿದ್ದರೆ ಒಂದು ಗುಂಟೆ ಹಾಕಿ ನೋಡಿ. ಮೊದಲ ಆಯ್ಕೆ ಅದಲ್ಲ.

---

ಸಾಲುಗಿಡ

ಒಂದು ಬಿಟ್ಟಿದ್ದೆ. ಚಳಿಗಾಲ ಶುರುವಾದ ಮೇಲೆ ಸುಬಾಬುಲ್ ಚಿಗುರಿನ ತುದಿ ಮುರುಟಿ, ಮುಟ್ಟಿದರೆ ಸಾಸಿವೆಗಿಂತ ಸಣ್ಣ ಹುಳು ಚಿಮ್ಮಿ ಹಾರಿದರೆ ಅದು ಸಿಲ್ಲಿಡ್, ಜಿಗಿಹೇನು. 1988ರಿಂದ ನಮ್ಮ ದೇಶದಲ್ಲಿದೆ. ಔಷಧಿ ಹೊಡೆಯಬೇಡಿ, ಆ ಸೊಪ್ಪು ನಾಳೆ ಮೇಕೆ ಬಾಯಿಗೇ ಹೋಗಬೇಕು, ಮೇಲಾಗಿ ಅದನ್ನು ತಿನ್ನುವ ಗುಲಗಂಜಿ ಹುಳುವೂ ಸಾಯುತ್ತೆ. ದಿನಕ್ಕೊಂದಿಷ್ಟು ಗಿಡ ಕೊಯ್ಯುವ ಕ್ರಮ ಬಿಟ್ಟು ಹುಳು ಬಿದ್ದ ಸಾಲುಗಳನ್ನೆಲ್ಲ ಎರಡು ಮೂರು ದಿನದಲ್ಲಿ ಕೊಯ್ದುಬಿಡಿ. ಎಳೆ ಚಿಗುರು ಸಿಗದೆ ಅದರ ಸಂತಾನ ನಿಲ್ಲುತ್ತೆ. ಹೆಚ್ಚಾದ ಸೊಪ್ಪನ್ನು ನೆರಳಲ್ಲಿ ಒಣಗಿಸಿ, ಬಡಿದು ಎಲೆ ಬೇರೆ ಮಾಡಿ ಗೋಣಿಚೀಲದಲ್ಲಿಡಿ, ಏಪ್ರಿಲ್‌ಗೆ ಆಗುತ್ತೆ. ಕೈಯಲ್ಲಿ ಹಿಚುಕಿದರೆ ಪುಡಿಯಾಗುವಷ್ಟು ಒಣಗಿರಬೇಕು.

---

ಶಿರಾ ಹೈನು

ಸರಿ. ಈ ವಾರ ಡ್ರಮ್ ಇಟ್ಟು ನೀರು ಅಳೆದು ಹಾಕ್ತೀನಿ. 8,000 ಲೀಟರ್‌ಗಿಂತ ಕಮ್ಮಿ ಬಂದರೆ ಹುಲ್ಲು 15 ಗುಂಟೆ ಬದಲು ಎಷ್ಟಕ್ಕೆ ಇಳಿಸಲಿ?

---

ಸಾಲುಗಿಡ

ಬಂದ ಲೀಟರನ್ನು 600ರಿಂದ ಭಾಗಿಸಿ, ಅಷ್ಟು ಗುಂಟೆ. ಸುಬಾಬುಲ್ ಸಾಲು ಮಾತ್ರ ಆರೂ ಇರಲಿ, ಮೊದಲ ಬೇಸಿಗೆ ದಾಟಿಸಿದರೆ ಆಮೇಲೆ ಅವು ನಿಮ್ಮ ಬೋರ್‌ವೆಲ್ ಕೇಳಲ್ಲ.